ಪಾರ್ಕ್ ಮಾಡೋಕೆ ಮುಂಚೆ ಮಣ್ಣು ನೋಡಿಸಬೇಕಾ? ದಾವಣಗೆರೆಯವರು ಸ್ವಲ್ಪ ಹೇಳಿ

ಮೂಲೆಮನೆ · ಭಾನುವಾರ ಬೆಳಿಗ್ಗೆ
ನಮ್ಮ ಲೇಔಟ್‌ನಲ್ಲಿ ಪಾರ್ಕ್‌ಗೆ ಅಂತ ಬಿಟ್ಟ ಜಾಗ ಇದೆ. ಸುಮಾರು 20 ಗುಂಟೆ. ಲೇಔಟ್ ಆಗೋಕೆ ಮೊದಲು ಅದು ಭತ್ತದ ಗದ್ದೆ. ಆಮೇಲೆ ಹತ್ತು ವರ್ಷ ಯಾರೂ ಕೇಳಲಿಲ್ಲ. ಮನೆ ಕಟ್ಟಿದವರೆಲ್ಲ ಉಳಿದ ಕಲ್ಲು, ಗಾರೆ, ಒಡೆದ ಟೈಲ್ಸ್ ಅಲ್ಲೇ ಸುರಿದರು. ಈಗ ಸಂಘದವರು ಮನೆಮನೆಗೆ ಹೋಗಿ ದುಡ್ಡು ಕೂಡಿಸಿದ್ದೇವೆ.

ಗುತ್ತಿಗೆದಾರರು ಬಂದು ನೋಡಿದರು. ಜೆಸಿಬಿ ಬಿಟ್ಟು ಮಟ್ಟ ಮಾಡಿ, ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರವಿ, ಲಾನ್ ಹಾಕಿ, ಸುತ್ತ ಪೇವರ್ ಕೂರಿಸಿದರೆ ಮುಗೀತು ಅಂದರು. ಒಂದು ತಿಂಗಳ ಕೆಲಸವಂತೆ. ಪಕ್ಕದ ಮನೆ ಮೇಷ್ಟ್ರು ಮಾತ್ರ "ಮೊದಲು ಮಣ್ಣು ನೋಡಿಸಿ" ಅಂತ ಹಟ ಹಿಡಿದಿದ್ದಾರೆ. ಮೀಟಿಂಗ್‌ನಲ್ಲಿ ಎಲ್ಲರೂ ನಕ್ಕರು. ಮಣ್ಣು ಮಣ್ಣೇ ಅಲ್ವಾ, ಅದರಲ್ಲಿ ನೋಡೋದೇನು ಅಂತ.

ನಾನು ಕಾರ್ಯದರ್ಶಿ. ಎರಡೂ ಕಡೆ ಬೈಸಿಕೊಳ್ಳುವವನು. ನಿಜವಾಗಿ ಏನೇನು ನೋಡಬೇಕು? ಎಲ್ಲಿ ನೋಡಿಸಬೇಕು?

ಸುಮ್ನೆಬಂದೆ
ಮಣ್ಣು ಬಿಡಿ, ಮೊದಲು ಆ ಜಾಗ ಸಂಘದ ಹೆಸರಲ್ಲಿದೆಯಾ ಇಲ್ಲವಾ ನೋಡಿ.

ಮೂಲೆಮನೆ
ನಕ್ಷೆಯಲ್ಲಿ ಪಾರ್ಕ್ ಅಂತಲೇ ಇದೆ. ಪಾಲಿಕೆಗೆ ಬಿಟ್ಟುಕೊಟ್ಟ ಜಾಗ. ಅನುಮತಿ ತಗೊಂಡಿದ್ದೇವೆ.

ಪಿಬಿರೋಡ್‌ವಾಸಿ
ಹಾಗಿದ್ದರೆ ಸರಿ. 1985ರ ಉದ್ಯಾನ, ಆಟದ ಮೈದಾನಗಳ ಕಾಯ್ದೆ ಇರೋದೇ ಇದಕ್ಕೆ. ಪಾರ್ಕ್ ಅಂತ ಬಿಟ್ಟ ಜಾಗದಲ್ಲಿ ಬೇರೇನೂ ಮಾಡೋ ಹಾಗಿಲ್ಲ. ಅನುಮತಿ ಪತ್ರ ಜೋಪಾನ.

ಎರೆಹೊಲ
ಭತ್ತದ ಗದ್ದೆ ಅಂದರೆ ಅಡಿಯಲ್ಲಿ ಎರೆ ಮಣ್ಣೇ ಇರಬೇಕು, ಅಂದರೆ ಕಪ್ಪು ಅಂಟು ಮಣ್ಣು. ನನ್ನದೂ ಎರೆ ಹೊಲ, ಅದಕ್ಕೇ ಹೇಳುತ್ತೇನೆ. ಈ ಮಣ್ಣು ಒಂದು ಜಾಗದಲ್ಲಿ ಕೂರುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಬೈಕ್ ಕೀ ಬಿರುಕಿನೊಳಗೆ ಬಿತ್ತು. ತಂತಿಗೆ ಕೊಕ್ಕೆ ಮಾಡಿ ಮೊಳಕೈ ತನಕ ಕೈ ಹಾಕಿದೆ, ಸಿಗಲಿಲ್ಲ. ಮಳೆ ಬಂದು ಬಿರುಕು ಮುಚ್ಚಿಕೊಂಡಿತು. ಕೀ ಇನ್ನೂ ಹೊಲದಲ್ಲೇ ಇದೆ.

ಅದರ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರವುತ್ತೀರಾ? ನೀರು ಕೆಂಪು ಮಣ್ಣಲ್ಲಿ ಸರ್ರನೆ ಇಳಿಯುತ್ತದೆ, ಎರೆ ಬಂದ ಕೂಡಲೇ ನಿಲ್ಲುತ್ತದೆ. ತಟ್ಟೆಯಲ್ಲಿ ಗಿಡ ನೆಟ್ಟ ಹಾಗೆ ಆಗುತ್ತದೆ. ಮೇಲೆ ನೋಡಿದರೆ ಒಣಗಿದೆ ಅನಿಸುತ್ತದೆ, ನೀವು ಇನ್ನಷ್ಟು ನೀರು ಬಿಡುತ್ತೀರಿ, ಬೇರು ಕೊಳೆಯುತ್ತದೆ.

ತೂಗುಗುಂಡು
ಸಿವಿಲ್ ಕೆಲಸ ಮಾಡುವವನು ನಾನು. ಎರೆಹೊಲ ಅವರು ಗಿಡದ ಮಾತು ಹೇಳಿದರು, ನಾನು ಗೋಡೆಯ ಮಾತು ಹೇಳುತ್ತೇನೆ. ಪೇವರ್, ಕಾಂಪೌಂಡು, ಜೋಕಾಲಿ ಕಂಬ ಎಲ್ಲ ಇದೇ ಮಣ್ಣಿನ ಮೇಲೆ ನಿಲ್ಲಬೇಕು. ಎರೆ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಜಾಸ್ತಿ. ಅದರ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಹಿಗ್ಗುತ್ತದೆ. ಒಂದು ಕಡೆ ಪಾಯ ಅದೇ ಮಣ್ಣಿನ ಮೇಲೆ ಎರಡು ಅಡಿಗೆ ಹಾಕಿದ್ದರು, ನಾನು ಹೋಗುವಷ್ಟರಲ್ಲಿ ಕಾಂಪೌಂಡು ಹಾವಿನ ಹಾಗೆ ಆಗಿತ್ತು. ಪೇವರ್ ಎರಡನೇ ಮಳೆಗೆ ಎತ್ತಿನ ಬೆನ್ನು.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂ ಒಂದು ಅಳತೆ ಕೊಳವೆಗೆ ನೀರಿನ ಜೊತೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆ ಜೊತೆ. 24 ಗಂಟೆ ಬಿಟ್ಟು ನೋಡೋದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಲ್ಲಿ ಉಬ್ಬುತ್ತದೆ. ಎರಡರ ಫರಕೇ ಲೆಕ್ಕ. ಊರಲ್ಲಿ ಎಂಜಿನಿಯರಿಂಗ್ ಕಾಲೇಜು ಇದ್ದಾವಲ್ಲ, ಸಿವಿಲ್ ವಿಭಾಗದಲ್ಲಿ ಕೇಳಿ.

ನರ್ಗಿಸ್‌ಮಂಡಕ್ಕಿ
ಇಷ್ಟೆಲ್ಲ ಯಾಕ್ರೀ? ನಮ್ಮಜ್ಜ ಮಾವಿನ ತೋಪು ಮಾಡಿದಾಗ ಯಾವ ಲ್ಯಾಬಿಗೆ ಹೋಗಿದ್ದರು? ನೆಟ್ಟರು, ಬಂತು. ಈಗಿನವರಿಗೆ ಎಲ್ಲದಕ್ಕೂ ರಿಪೋರ್ಟ್ ಬೇಕು.

ಎರೆಹೊಲ
ನಿಮ್ಮಜ್ಜ ಲ್ಯಾಬಿಗೆ ಹೋಗಲಿಲ್ಲ, ನಿಜ. ಆದರೆ ಮಣ್ಣು ಕೈಲಿ ಹಿಡಿದು ಹಿಸುಕಿ ನೋಡುತ್ತಿದ್ದರು. ನಮ್ಮಪ್ಪ ಬಾಯಿಗೆ ಹಾಕಿ ಉಪ್ಪು ನೋಡಿ ಉಗುಳುತ್ತಿದ್ದರು. ಬೇಸಿಗೆಯಲ್ಲಿ ಎಲ್ಲಿ ಬಿಳಿ ಉಪ್ಪಿನ ಪೊರೆ ಏಳುತ್ತದೆ, ಎಲ್ಲಿ ಜೇಕು ಬೆಳೆಯುತ್ತದೆ, ಎಲ್ಲ ಗೊತ್ತಿತ್ತು. ಅದೂ ಪರೀಕ್ಷೆಯೇ. ನಾವು ಅದನ್ನೂ ಬಿಟ್ಟೆವು, ಇದನ್ನೂ ಮಾಡುವುದಿಲ್ಲ.

(ದಯವಿಟ್ಟು ಕಸ ಸುರಿದ ಜಾಗದ ಮಣ್ಣು ಬಾಯಿಗೆ ಹಾಕಬೇಡಿ.)

ಸಸಿಬುಟ್ಟಿ
ತೋಟಗಾರಿಕೆ ಓದಿದವಳು, ನರ್ಸರಿ ನಡೆಸುತ್ತೇನೆ. ಮಣ್ಣು ತೆಗೆಯುವ ರೀತಿ ತಪ್ಪಿದರೆ ರಿಪೋರ್ಟ್ ಬಂದೂ ಉಪಯೋಗವಿಲ್ಲ. ಎಲ್ಲರೂ ಗೇಟಿನ ಪಕ್ಕ ಒಂದು ಹಿಡಿ ಕೆರೆದು ತರುತ್ತಾರೆ.

ಜಾಗದ ಉದ್ದಕ್ಕೂ ಅಂಕುಡೊಂಕಾಗಿ ನಡೆಯಿರಿ. ಹತ್ತು ಹನ್ನೆರಡು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷ್ 'ವಿ' ಆಕಾರದಲ್ಲಿ ಆರು ಇಂಚು ಗುಂಡಿ ತೋಡಿ, ಪಕ್ಕದಿಂದ ಬೆರಳು ದಪ್ಪ ಸೀಳು ಮಣ್ಣು ತೆಗೆಯಿರಿ. ಎಲ್ಲ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ ಬೆರೆಸಿ. ತುಕ್ಕು ಹಿಡಿದ ಬಾಣಲೆ ಬೇಡ, ಕಬ್ಬಿಣದ ಲೆಕ್ಕ ಕೆಡುತ್ತದೆ. ನೆರಳಲ್ಲಿ ಒಣಗಿಸಿ, ನಾಲ್ಕು ಭಾಗ ಮಾಡಿ, ಎದುರು ಬದುರು ಎರಡು ಭಾಗ ಬಿಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ. ಗೊಬ್ಬರದ ಚೀಲದಲ್ಲಿ ತುಂಬಬೇಡಿ.

ಇದು ಲಾನಿಗೆ, ಹೂಗಿಡಕ್ಕೆ. ಮರಕ್ಕೆ ಆರು ಇಂಚು ಸಾಲದು. ಒಂದು ಅಡಿ, ಎರಡು ಅಡಿ, ಮೂರು ಅಡಿ ಬೇರೆ ಬೇರೆ ತೆಗೆದು ಬೇರೆ ಬೇರೆ ಚೀಟಿ ಬರೆಯಿರಿ. ನಮ್ಮ ಜಿಲ್ಲೆಯಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ದುರ್ಗದಕಲ್ಲು
ಚಿತ್ರದುರ್ಗದಿಂದ. ನಿಮ್ಮದು ಅಂಟಿನ ಕಷ್ಟ, ನಮ್ಮದು ಕಲ್ಲಿನ ಕಷ್ಟ. ನಮ್ಮ ಬೀದಿಯ ಪಾರ್ಕಿಗೆ 60 ಸಸಿ ತಂದಿಟ್ಟುಕೊಂಡು ಗುಂಡಿ ತೋಡೋಕೆ ಹೋದೆವು. ಒಂದು ಅಡಿ ಗರಸು, ಆಮೇಲೆ ಹಾರೆ ಟಣ್ ಅಂತು. ಎಲ್ಲಿ ಹಾಕಿದರೂ ಟಣ್. ಸಸಿಗಳು ಕಪ್ಪು ಚೀಲದಲ್ಲೇ ಎರಡು ತಿಂಗಳು ನಿಂತವು, ಅರ್ಧ ಸತ್ತವು. ಮೊದಲೇ ನಾಲ್ಕು ಕಡೆ ಹಾರೆ ಹಾಕಿ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಇನ್ನೊಂದು ಮಾತು. ಮಣ್ಣಿನ ಜೊತೆ ಬೋರ್ ನೀರನ್ನೂ ನೋಡಿಸಿ. ನಮ್ಮ ಕಡೆ ನೀರು ಗಡಸು. ಮಣ್ಣು ಚೆನ್ನಾಗಿದ್ದರೂ ಉಪ್ಪು ನೀರು ಎರಡು ವರ್ಷ ಬಿಟ್ಟರೆ ಕೆಟ್ಟೇ ಕೆಡುತ್ತದೆ.

ನರ್ಗಿಸ್‌ಮಂಡಕ್ಕಿ
ದುರ್ಗದವರು ದಾವಣಗೆರೆ ಪಾರ್ಕಿಗೆ ಸಲಹೆ ಕೊಡೋ ಕಾಲ ಬಂತು.

ದುರ್ಗದಕಲ್ಲು
1997ರ ತನಕ ನೀವೂ ನಮ್ಮ ಜಿಲ್ಲೆಯವರೇ ಸ್ವಾಮಿ. ಮರೆತು ಬಿಟ್ಟಿರಾ?

ನರ್ಗಿಸ್‌ಮಂಡಕ್ಕಿ
ಜಿಲ್ಲೆ ನಿಮ್ಮದು, ಬೆಣ್ಣೆ ದೋಸೆ ನಮ್ಮದು. ಆಗಲೂ ಈಗಲೂ.

ಪಿಬಿರೋಡ್‌ವಾಸಿ
ದೋಸೆ ಜಗಳ ಬೇರೆ ಕಡೆ ಮಾಡಿ. ಅಂದ ಹಾಗೆ ಎರೆ ಮಣ್ಣು ಜ್ವಾಲಾಮುಖಿಯ ಲಾವಾದಿಂದ ಬಂದದ್ದು ಅಂತ ಶಾಲೆಯಲ್ಲಿ ಓದಿದ್ದೆವು. ದಾವಣಗೆರೆಯಲ್ಲಿ ಜ್ವಾಲಾಮುಖಿ ಇತ್ತಾ?

ತೂಗುಗುಂಡು
ದಖನ್ನಿನ ಲಾವಾ ಕಲ್ಲು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಇರೋದು. ನಮ್ಮ ತನಕ ಬಂದಿಲ್ಲ. ಎರೆ ಆಗೋಕೆ ಅದೇ ಕಲ್ಲು ಬೇಕು ಅಂತಿಲ್ಲ. ಸುಣ್ಣದ ಅಂಶ ಇರೋ ಬೇರೆ ಕಲ್ಲು ಸವೆದು, ತಗ್ಗಿನಲ್ಲಿ ನೀರು ನಿಂತರೂ ಆಗುತ್ತದೆ. ಅದಕ್ಕೇ ನಮ್ಮಲ್ಲಿ ದಿಬ್ಬದ ಮೇಲೆ ಕೆಂಪು, ಇಳಿಜಾರಿನ ಕೆಳಗೆ ಕಪ್ಪು. ಒಂದೇ ಲೇಔಟ್‌ನಲ್ಲಿ ಎರಡೂ ಇರಬಹುದು.

ಮೂಲೆಮನೆ · ಬುಧವಾರ ಸಂಜೆ
ಮೇಷ್ಟ್ರು, ನಾನು, ಇಬ್ಬರು ಕೂಲಿಯವರು ಸೇರಿ ಮೂರು ಗುಂಡಿ ತೋಡಿಸಿದೆವು. ನಾಲ್ಕು ಅಡಿ ಆಳ.

ಒಂದನೇ ಗುಂಡಿ ರಸ್ತೆ ಕಡೆ. ಮೇಲೆ ಮಣ್ಣು ಇದ್ದದ್ದು ಒಂದು ಗೇಣು ಮಾತ್ರ. ಅದರ ಕೆಳಗೆ ಒಂದೂವರೆ ಅಡಿ ಬರೀ ಡೆಬ್ರಿ. ಗಾರೆ ಹೆಂಟೆ, ನೀಲಿ ಟೈಲ್ಸ್ ಚೂರು, ಮಗುವಿನ ಒಂಟಿ ಚಪ್ಪಲಿ, ಪಿಒಪಿ ಗಣೇಶನ ಒಂದು ಕಿವಿ. ಕಿವಿ ನೋಡಿ ಕೂಲಿಯವರು ಕೈ ಮುಗಿದು ಪಕ್ಕಕ್ಕಿಟ್ಟರು. ಅದರ ಕೆಳಗೆ ಎರೆ.

ಎರಡನೆಯದು ನಡುವೆ. ಮೇಲಿಂದ ಕೆಳಗೆ ಎರೆಯೇ. ಎರಡು ಅಡಿ ಆದ ಮೇಲೆ ಕಡಲೆಕಾಳಿನಷ್ಟು ಬಿಳಿ ಕಲ್ಲುಗಳು. ಮೇಷ್ಟ್ರು ನಿಂಬೆಹಣ್ಣು ತಂದಿದ್ದರು! ಹಿಂಡಿದ ಕೂಡಲೇ ಸೊರ್ರ್ ಅಂತ ನೊರೆ. ಅಂದರೆ ಸುಣ್ಣದ ಕಲ್ಲು.

ಮೂರನೆಯದು ಹಿಂದಿನ ಮೂಲೆ, ಜೋಕಾಲಿ ಹಾಕಬೇಕು ಅಂದುಕೊಂಡ ಜಾಗ. ಅಲ್ಲಿ ಒಂದು ಅಡಿ ಕೆಳಗೆ ಕರಿ ಬೂದಿ. ಹಗುರ, ಪುಡಿಪುಡಿ. ಅದರಲ್ಲಿ ಕೂದಲಿನಂಥ ತಂತಿ ಸಿಕ್ಕಿಕೊಂಡಿತ್ತು. ಮೇಷ್ಟ್ರ ಮೊಮ್ಮಗ ಆಟದ ಅಯಸ್ಕಾಂತ ತಂದ. ಬೂದಿಗೆ ಒತ್ತಿ ಎತ್ತಿದರೆ ಗಡ್ಡ ಬಂದ ಹಾಗೆ ತಂತಿ ಅಂಟಿಕೊಂಡು ಬಂತು. ಇದೇನು?

ನರ್ಗಿಸ್‌ಮಂಡಕ್ಕಿ
ಭತ್ತದ ಹೊಟ್ಟಿನ ಬೂದಿ ಇರಬೇಕು. ರೈಸ್‌ಮಿಲ್ ಊರು ನಮ್ಮದು. ಅದು ಗಿಡಕ್ಕೆ ಒಳ್ಳೆಯದೇ.

ಎರೆಹೊಲ
ಹೊಟ್ಟಿನಲ್ಲಿ ತಂತಿ ಎಲ್ಲಿಂದ ಬರುತ್ತದೆ?

ತೂಗುಗುಂಡು
ಅದು ಟೈರ್ ಸುಟ್ಟ ಬೂದಿ. ತಂತಿ ಟೈರಿನ ಒಳಗಿನದು. ಯಾರೋ ಉರುವಲಿಗೆ ಸುಟ್ಟು ಬೂದಿ ತಂದು ಸುರಿದಿದ್ದಾರೆ. ಟೈರ್ ರಬ್ಬರಿಗೆ ಸತುವಿನ ಆಕ್ಸೈಡ್ ಹಾಕಿರುತ್ತಾರೆ, ಆ ಸತು ಬೂದಿಯಲ್ಲೇ ಉಳಿಯುತ್ತದೆ. ಬೇರೆ ಲೋಹಗಳೂ ಇರಬಹುದು. ಅಲ್ಲಿ ಮಾತ್ರ ಮಕ್ಕಳ ಜೋಕಾಲಿ ಹಾಕಬೇಡಿ.

ಟೀಚರಮ್ಮ
ಇದು ನಿಜಕ್ಕೂ ಗಂಭೀರ. ಆಟದ ಜಾಗದಲ್ಲಿ ಮಕ್ಕಳ ಕೈ ಮಣ್ಣಿಗೆ, ಮಣ್ಣು ಬಾಯಿಗೆ. ಬೂದಿ ಒಂದೇ ಅಲ್ಲ, ಒಂದನೇ ಗುಂಡಿಯ ಡೆಬ್ರಿಯಲ್ಲಿ ಹಳೇ ಮನೆಯ ಪೇಂಟ್ ಚಕ್ಕೆ ಇದ್ದರೆ ಅದರಲ್ಲಿ ಸೀಸ ಇರಬಹುದು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಮಕ್ಕಳಿಗೆ ಸೀಸ ಇಷ್ಟರ ತನಕ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೂಲೆಮನೆ
ಮಣ್ಣು ಪರೀಕ್ಷೆಯಲ್ಲಿ ಇದೆಲ್ಲ ಬರುತ್ತದಲ್ವಾ?

ಸಸಿಬುಟ್ಟಿ
ಬರುವುದಿಲ್ಲ! ಎಲ್ಲರೂ ಎಡವೋದು ಇಲ್ಲೇ. ರೈತರಿಗೆ ಕೊಡೋ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನೋ ಅಳತೆ), ಲವಣ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಸತು ಇದೆಯಲ್ಲ ಅಂತ ಕೇಳಬೇಡಿ. ಅದು ಬೆಳೆಗೆ ಸಾಕಾ ಅಂತ ನೋಡೋದು, ವಿಷ ಆಗಿದೆಯಾ ಅಂತ ಅಲ್ಲ. ಭಾರ ಲೋಹ ನೋಡಿ ಅಂತ ಬೇರೆಯಾಗಿ ಕೇಳಿ, ಅದಕ್ಕೆ ಪರಿಸರ ಪರೀಕ್ಷೆಯ ಲ್ಯಾಬ್ ಬೇಕು. ಬೂದಿಯ ಮಾದರಿಯನ್ನು ಉಳಿದ ಮಣ್ಣಿಗೆ ಬೆರೆಸಬೇಡಿ, ಬೇರೆ ಕವರ್.

ಖಜಾಂಚಿ
ನಾನು ಅದೇ ಲೇಔಟ್‌ನವನು. ಮೂಲೆಮನೆ ಯಾರು ಅಂತ ಗೊತ್ತಾಯ್ತು, ನಮಸ್ಕಾರ. ಗುಂಡಿ ತೋಡಿದ ಕೂಲಿಯ ಬಿಲ್ ನನ್ನ ಹತ್ತಿರ ಇನ್ನೂ ಬಂದಿಲ್ಲ. ಈಗ ಇನ್ನೊಂದು ಲ್ಯಾಬಾ? ಮೇಲೆ ಮಣ್ಣು ಮುಚ್ಚಿದರೆ ಸಾಲದಾ?

ತೂಗುಗುಂಡು
ಮುಚ್ಚಿದರೆ ನಾಯಿ ಕೆದರುತ್ತದೆ, ಜೋಕಾಲಿ ಕೆಳಗೆ ಮಕ್ಕಳ ಕಾಲು ಕೆರೆಯುತ್ತದೆ. ಮೇಲಾಗಿ ಅದು ಗಟ್ಟಿ ನೆಲವಲ್ಲ, ಬೂದಿ. ಕಂಬ ವಾಲುತ್ತದೆ. ಪಾಲಿಕೆಯವರಿಗೆ ಹೇಳಿ ತೆಗೆಸಿ. ಇನ್ನೊಂದು ಖಾಲಿ ಸೈಟಿಗೆ ಸುರಿಸಬೇಡಿ, ಅಷ್ಟೇ.

ಸುಮ್ನೆಬಂದೆ
ನನ್ನ ಸೈಟ್ ಪಕ್ಕದ ಬೀದಿಯಲ್ಲೇ ಇದೆ. ಕಣ್ಣಿಟ್ಟಿರುತ್ತೇನೆ.

ಮೂಲೆಮನೆ · ಶುಕ್ರವಾರ
ಎರಡನೇ ಗುಂಡಿಯ ಪಕ್ಕ ಒಂದು ಅಡಿ ಅಗಲ, ಒಂದು ಅಡಿ ಆಳ ಸಣ್ಣ ಗುಂಡಿ ಮಾಡಿ ನೀರು ತುಂಬಿಸಿದೆ. ಎರೆ ಮಣ್ಣಲ್ಲಿ ನೀರು ಇಳಿಯಲ್ಲ ಅಂದಿರಿ. ಇಪ್ಪತ್ತು ನಿಮಿಷಕ್ಕೆ ಖಾಲಿ! ಗುತ್ತಿಗೆದಾರರಿಗೆ ಹೇಳಿದೆ, ಅವರು ಖುಷಿಯಾದರು.

ಎರೆಹೊಲ
ಅಯ್ಯೋ. ಏಪ್ರಿಲ್ ತಿಂಗಳಲ್ಲಿ ಬಿರುಕು ಬಿಟ್ಟ ಮಣ್ಣಿಗೆ ನೀರು ಹಾಕಿದರೆ ಇನ್ನೇನಾಗುತ್ತದೆ? ನೀರು ಮಣ್ಣಿಗೆ ಇಂಗಿಲ್ಲ, ಬಿರುಕಿನೊಳಗೆ ಹೋಯಿತು. ನನ್ನ ಕೀ ಹೋದ ಹಾಗೆ. ಮಣ್ಣು ನೆಂದು ಬಿರುಕು ಮುಚ್ಚಲಿ. ಇವತ್ತು ಎರಡು ಮೂರು ಸಲ ತುಂಬಿಸಿ ರಾತ್ರಿಯಿಡೀ ಬಿಡಿ. ನಾಳೆ ಮತ್ತೆ ತುಂಬಿಸಿ, ಕಡ್ಡಿ ನೆಟ್ಟು ಗಂಟೆ ಗಂಟೆಗೆ ಗುರುತು ಹಾಕಿ.

ಸಸಿಬುಟ್ಟಿ
ನೂರಕ್ಕೆ ನೂರು ಸರಿ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ಬಹಳ ಗಿಡಗಳಿಗೆ ಒಳ್ಳೆಯದು. ಅರ್ಧ ಇಂಚಿಗಿಂತ ಕಡಿಮೆ ಆದರೆ ಬಸಿಗಾಲುವೆ ಮಾಡಿ, ಇಲ್ಲ ಏರುಮಡಿ ಮಾಡಿ ನೆಡಿ.

ಜೊತೆಗೆ ಬಾಟಲಿ ಪರೀಕ್ಷೆಯನ್ನೂ ಮಾಡಿ, ದುಡ್ಡಿಲ್ಲ. ನೀರಿನ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲಿ ಕೂರುತ್ತದೆ, ಗೋಡು (ಮರಳಿಗಿಂತ ನುಣ್ಣನೆಯ ಮಣ್ಣು) ಒಂದೆರಡು ಗಂಟೆಯಲ್ಲಿ. ಜೇಡಿ ಒಂದು ದಿನವಾದರೂ ನೀರಲ್ಲೇ ಕದಡಿಕೊಂಡಿರುತ್ತದೆ.

ಮೂಲೆಮನೆ · ಭಾನುವಾರ
ಮಾಡಿದೆ. ಬೆಳಿಗ್ಗೆ 7ಕ್ಕೆ ತುಂಬಿಸಿದೆ. 11ಕ್ಕೆ ನೋಡಿದರೆ ಒಂದು ಬೆರಳು ದಪ್ಪ ಇಳಿದಿತ್ತು. ನಾಲ್ಕು ತಾಸಿನಲ್ಲಿ ಒಂದೇ ಬೆರಳು! ಸಂಜೆ ತನಕ ಅದರಲ್ಲಿ ಗುಬ್ಬಿ ಸ್ನಾನ ಮಾಡುತ್ತಿತ್ತು. ಬಾಟಲಿ ನಮ್ಮ ಟಿವಿ ಪಕ್ಕ ಇಟ್ಟಿದ್ದೇನೆ. ಎರಡು ದಿನ ಆಯ್ತು, ಇನ್ನೂ ಕಾಫಿ ಬಣ್ಣವೇ. ಮನೆಯವರು "ಇದನ್ನು ಯಾವಾಗ ಎತ್ತುತ್ತೀರಿ" ಅಂತ ಕೇಳುತ್ತಿದ್ದಾರೆ.

ಪಿಬಿರೋಡ್‌ವಾಸಿ
ಹಾಗಾದರೆ ಎರಡು ಲೋಡ್ ಮರಳು ಬೆರೆಸಿ. ಅಂಟು ಹೋಗುತ್ತದೆ.

ಸಸಿಬುಟ್ಟಿ
ಬೇಡ ಬೇಡ. ಜೇಡಿಗೆ ಸ್ವಲ್ಪ ಮರಳು ಬೆರೆಸಿದರೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ನಿಜವಾಗಿ ಗುಣ ಬದಲಾಗಬೇಕು ಅಂದರೆ ಮಣ್ಣಿಗಿಂತ ಮರಳೇ ಜಾಸ್ತಿ ಬೇಕು, ಅಷ್ಟು ದುಡ್ಡು ಯಾರ ಹತ್ತಿರ ಇದೆ? ಕೊಳೆತ ಕೊಟ್ಟಿಗೆ ಗೊಬ್ಬರ ಎರಡು ಮೂರು ಇಂಚು ಹರವಿ ಮೇಲಿನ ಮಣ್ಣಿಗೆ ಬೆರೆಸಿ, ವರ್ಷ ವರ್ಷ.

ಖಜಾಂಚಿ
ನಮ್ಮ ಭಾವ ಜಿಪ್ಸಂ ಹಾಕಿ ಅಂತಿದ್ದಾರೆ. ಹಾಕಿದರೆ ಎಲ್ಲ ಸರಿಯಾಗುತ್ತದಂತೆ.

ಎರೆಹೊಲ
ಜಿಪ್ಸಂ ಚೌಳು ಮಣ್ಣಿಗೆ. ಸೋಡಿಯಂ ಜಾಸ್ತಿ ಆಗಿ ಪಿಎಚ್ 8.5 ದಾಟಿದ್ದರೆ ಕೆಲಸ ಮಾಡುತ್ತದೆ. ಅದೂ ಉಪ್ಪು ತೊಳೆದು ಹೊರಹೋಗೋಕೆ ದಾರಿ ಇದ್ದರೆ. ಬರೀ ಸುಣ್ಣದ ಮಣ್ಣಿಗೆ ಹಾಕಿದರೆ ದುಡ್ಡು ದಂಡ. ರಿಪೋರ್ಟ್ ಬರಲಿ, ಭಾವನವರಿಗೆ ಕಾಯೋಕೆ ಹೇಳಿ.

ಟೀಚರಮ್ಮ
ಗುಂಡಿ ಸುತ್ತ ಹಗ್ಗ ಕಟ್ಟಿದ್ದೀರಾ? ನಾಲ್ಕು ಅಡಿ ಆಳ ಅಂದಿರಿ. ಮಕ್ಕಳಿಗೆ ಬೇಸಿಗೆ ರಜೆ ಬೇರೆ.

ಮೂಲೆಮನೆ
ಕಟ್ಟಿಸುತ್ತೇನೆ.

ಮೂಲೆಮನೆ · ಎರಡು ವಾರದ ನಂತರ
ರಿಪೋರ್ಟ್ ಬಂತು. ನಡುವಿನ ಮಣ್ಣು: ಪಿಎಚ್ 8.3, ಲವಣ 0.5, ಸಾವಯವ ಇಂಗಾಲ 0.4. ರಸ್ತೆ ಕಡೆಯದು ಪಿಎಚ್ 8.6. ಬೂದಿಯ ರಿಪೋರ್ಟ್ ಇನ್ನೂ ಬರಬೇಕು.

ಸಸಿಬುಟ್ಟಿ
ಲವಣ 1ರ ಒಳಗಿದೆ, ಚಿಂತೆ ಇಲ್ಲ. ಇಂಗಾಲ 0.5ಕ್ಕಿಂತ ಕಡಿಮೆ, ಅಂದರೆ ಗೊಬ್ಬರ ಬೇಕೇ ಬೇಕು. ರಸ್ತೆ ಕಡೆ ಪಿಎಚ್ ಏರಿದ್ದು ಗಾರೆ, ಸಿಮೆಂಟಿನಿಂದ ಇರಬೇಕು. ಡೆಬ್ರಿ ತೆಗೆದು ಮತ್ತೆ ನೋಡಿಸಿ, ಆಮೇಲೆ ಜಿಪ್ಸಂ ಮಾತು.

ಗುತ್ತಿಗೆದಾರರ ಪಟ್ಟಿಯಲ್ಲಿ ಇಕ್ಸೋರಾ ಹೂಗಿಡ ಇದ್ದರೆ ಹೊಡೆದು ಹಾಕಿ. ಈ ಪಿಎಚ್‌ಗೆ ಅದಕ್ಕೆ ಕಬ್ಬಿಣ ಸಿಗುವುದಿಲ್ಲ. ನರ ಹಸಿರು, ಎಲೆ ಹಳದಿ ಆಗಿ ನಿಲ್ಲುತ್ತದೆ. ಬೇವು, ಹೊಂಗೆ, ಹುಣಸೆ ಹಾಕಿ. ನೀರು ನಿಲ್ಲೋ ತಗ್ಗಿಗೆ ನೇರಳೆ.

ಎರೆಹೊಲ
ಕರಿಜಾಲಿ ಬಿಟ್ಟಿರಲ್ಲ. ಎರೆಗೆ ಅದರಂಥ ಮರ ಇಲ್ಲ.

ಟೀಚರಮ್ಮ
ಮಕ್ಕಳ ಪಾರ್ಕಿಗೆ ಮುಳ್ಳಿನ ಮರವಾ?

ತೂಗುಗುಂಡು
ಯಾವ ಮರವಾದರೂ ಕಾಂಪೌಂಡಿನಿಂದ ದೂರ. ಬೇಸಿಗೆಯಲ್ಲಿ ಬೇರು ನೀರು ಹೀರಿದಷ್ಟೂ ಎರೆ ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಕಾಂಪೌಂಡಿಗೆ ದುಡ್ಡಿದ್ದರೆ ನೆಲದೊಳಗೆ ಇಳಿಸೋ, ಅಡಿಯಲ್ಲಿ ಗೆಡ್ಡೆ ಬಿಟ್ಟಂಥ ಕಾಂಕ್ರೀಟ್ ಕಂಬ, ಅಂಡರ್‌ರೀಮ್ ಪೈಲ್ ಹಾಕಿಸಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೇ ಬೆಳೆಸಿದ ಪದ್ಧತಿ. ಮೂರು ಮೂರೂವರೆ ಮೀಟರ್ ಕೆಳಗೆ ಮಣ್ಣು ಅಷ್ಟಾಗಿ ಅಲುಗುವುದಿಲ್ಲ. ದುಡ್ಡಿಲ್ಲದಿದ್ದರೆ ಗೋಡೆಯೇ ಬೇಡ, ತಂತಿ ಬೇಲಿ ಸಾಕು. ಅದು ಎಷ್ಟು ಬಾಗಿದರೂ ಯಾರೂ ಕೇಳುವುದಿಲ್ಲ. ಪೇವರ್ ಬದಲು ಮೊರಂ (ಗರಸು ಮಣ್ಣು) ಹಾಸಿದ ನಡೆದಾರಿ ಮಾಡಿ. ಉಬ್ಬಿದರೆ ರೋಲರ್ ಎಳೆದರಾಯಿತು.

ಖಜಾಂಚಿ
ಗೋಡೆ ಇಲ್ಲ, ಪೇವರ್ ಇಲ್ಲ. ನನಗೆ ಈ ಪರೀಕ್ಷೆ ಈಗ ಇಷ್ಟ ಆಗತೊಡಗಿದೆ.

ಮೂಲೆಮನೆ
ನಿನ್ನೆ ಮೀಟಿಂಗ್ ಆಯ್ತು. ಜೋಕಾಲಿ ನಡುವಿಗೆ ಬಂತು. ಬೂದಿ ಮೂಲೆಗೆ ಸದ್ಯಕ್ಕೆ ತಗಡಿನ ಬೇಲಿ, ರಿಪೋರ್ಟ್ ನೋಡಿ ತೆಗೆಸುವುದು. ಲಾನ್ ಅರ್ಧಕ್ಕೆ ಇಳಿಸಿದೆವು. ಗುತ್ತಿಗೆದಾರರು ಮುನಿಸಿಕೊಂಡು ಫೋನ್ ಎತ್ತುತ್ತಿಲ್ಲ. ಮೇಷ್ಟ್ರು ಮಾತ್ರ ನಿಂಬೆಹಣ್ಣು ಜೇಬಲ್ಲಿಟ್ಟುಕೊಂಡು ಯಾರ ಸೈಟಿಗೆ ಕರೆದರೂ ಹೋಗುತ್ತಿದ್ದಾರೆ.

ಸುಮ್ನೆಬಂದೆ
ಎಲ್ಲ ಸರಿ, ಹಗ್ಗ ಕಟ್ಟಿಸುತ್ತೇನೆ ಅಂದಿದ್ದಿರಿ. ರಾತ್ರಿ ಯಾರದೋ ಎಮ್ಮೆ ಎರಡನೇ ಗುಂಡಿಗೆ ಮುಂಗಾಲು ಇಳಿಸಿಕೊಂಡು ಒಂದೇ ಸಮ ಕೂಗುತ್ತಿತ್ತು. ನಾಲ್ಕು ಜನ ಸೇರಿ ಎತ್ತಿದೆವು.

ಖಜಾಂಚಿ
ಅದು ನಮ್ಮನೆ ಎಮ್ಮೆ. ಹಗ್ಗದ ಬಿಲ್ ಇವತ್ತೇ ಕಳಿಸಿ, ಪಾಸ್ ಮಾಡುತ್ತೇನೆ.